ಗುರುಗಳ ಶಿಫಾರಸು ಪತ್ರ



ಬೀಳಗಿ ತಾಲ್ಲೂಕಿನ ಬಾಡಗಂಡಿಯಂಥ ಊರಿನಿಂದ ಕಾಲೇಜು ಸೇರಲು ಹೊರಟ ಹುಡುಗನ ಅಥವಾ ಹುಡುಗಿಯ ಕೈಚೀಲವನ್ನು ಒಮ್ಮೆ ತೆರೆದು ನೋಡೋಣ. ಅದರಲ್ಲಿ ಅಂಕಪಟ್ಟಿ ಇರುತ್ತದೆ. ಟಿ.ಸಿ. ಇರುತ್ತದೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ, ಹತ್ತಾರು ಜೆರಾಕ್ಸ್ ಪ್ರತಿಗಳು, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು ಇರುತ್ತವೆ. ಇವುಗಳ ಜೊತೆಗೆ ನಡತೆ ಪ್ರಮಾಣಪತ್ರವೆಂಬ ಒಂದು ಕಾಗದವೂ ಇರುತ್ತದೆ. ಮೊದಲೇ ಅಚ್ಚಾದ ನಮೂನೆ ಅದು. ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಬರೆದು, ಈ ವಿದ್ಯಾರ್ಥಿಯ ನಡತೆ ಉತ್ತಮವಾಗಿದೆ ಎಂದು ಸಹಿ ಹಾಕಿ, ಮೊಹರು ಒತ್ತಿ ಕೊಟ್ಟಿರುತ್ತಾರೆ. ನಿಮ್ಮ ಹಿಂದೆ ಸರದಿಯಲ್ಲಿ ನಿಂತವನಿಗೂ ಅದೇ ಕಾಗದ, ಅದೇ ಮಾತು.

ಇಷ್ಟು ಕಾಗದಗಳಲ್ಲಿ ನೀವು ಎಂಥ ವಿದ್ಯಾರ್ಥಿ ಎಂದು ಹೇಳುವ ಕಾಗದ ಯಾವುದು? ಒಂದೂ ಇಲ್ಲ. ನಮ್ಮ ಊರುಗಳಲ್ಲಿ ಬಹಳ ಕಾಲ ಅಂಥ ಕಾಗದದ ಅಗತ್ಯವೂ ಬಿದ್ದಿರಲಿಲ್ಲ. ಈಗ ಬೀಳತೊಡಗಿದೆ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು, ವಿದ್ಯಾರ್ಥಿವೇತನ ನೀಡುವ ಸಂಸ್ಥೆಗಳು, ವಿದೇಶದ ಅನೇಕ ವಿಶ್ವವಿದ್ಯಾಲಯಗಳು ನಿಮ್ಮ ಅರ್ಜಿಯ ಜೊತೆಗೆ ನಿಮ್ಮನ್ನು ಬಲ್ಲ ಗುರುಗಳ ಪತ್ರವನ್ನು ಕೇಳುತ್ತವೆ. ಅದಕ್ಕೆ ಶಿಫಾರಸು ಪತ್ರವೆಂದು ಹೆಸರು. ಇಂದಿನ ಮಾತು ಈ ಪತ್ರದ ಕುರಿತಾದದ್ದು.

ಮೊದಲು ಈ ಹೆಸರಿನ ತೊಡಕನ್ನೇ ಬಿಡಿಸಿಕೊಳ್ಳೋಣ. ಶಿಫಾರಸು ಎಂಬ ಮಾತು ನಮ್ಮ ಸೀಮೆಯಲ್ಲಿ ಒಳ್ಳೆಯ ಹೆಸರು ಪಡೆದಿಲ್ಲ. ಶಿಫಾರಸು ಎಂದೊಡನೆ ನಮ್ಮವರಿಗೆ ನೆನಪಾಗುವುದು ವಶೀಲಿ. ಮಗನಿಗೆ ಹಾಸ್ಟೆಲ್ಲಿನಲ್ಲಿ ಜಾಗ ಬೇಕು, ಮಗಳಿಗೆ ಕಾಲೇಜಿನಲ್ಲಿ ಸೀಟು ಬೇಕು ಎಂದಾಗ ಅಪ್ಪ ಕೇಳುವ ಮೊದಲ ಪ್ರಶ್ನೆ, "ಎಮ್ಮೆಲ್ಲೆ ಸಾಹೇಬ್ರ ಕಡಿಂದ ಒಂದ್ ಚೀಟಿ ತರಲೇನು?" ಎಂಬುದು. ಆ ಚೀಟಿಯಲ್ಲಿ ಮಗನ ಓದಿನ ವಿಷಯ ಒಂದಕ್ಷರವೂ ಇರುವುದಿಲ್ಲ. ಇವರು ನಮ್ಮವರು, ಕೆಲಸ ಮಾಡಿಕೊಡಿ ಎಂಬಷ್ಟೇ ಇರುತ್ತದೆ. ಬರೆದವರು ಹುಡುಗನನ್ನು ಕಂಡೇ ಇರುವುದಿಲ್ಲ. ಚೀಟಿಯ ಬಲವೆಲ್ಲ ಬರೆದವರ ಹುದ್ದೆಯಲ್ಲಿದೆ.

ಇಂಥ ಚೀಟಿಗೆ ಸರಕಾರದ ನಿಯಮದಲ್ಲಿಯೇ ಜಾಗವಿದ್ದ ಕಾಲವೂ ಇತ್ತು. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರತಿಯೊಬ್ಬ ಸಂಸತ್ ಸದಸ್ಯರೂ ವರ್ಷಕ್ಕೆ ಹತ್ತು ಮಕ್ಕಳ ಹೆಸರನ್ನು ಪ್ರವೇಶಕ್ಕೆ ಸೂಚಿಸಬಹುದಾಗಿತ್ತು. 2022ರಲ್ಲಿ ಆ ಕೋಟಾವನ್ನು ತೆಗೆದುಹಾಕಲಾಯಿತು.

ಕರ್ನಾಟಕದಲ್ಲಿ ಚೀಟಿಯ ಜೊತೆಗೆ ಹಣದ ಥೈಲಿಯೂ ಸೇರಿಕೊಂಡಿತ್ತು. ಡೊನೇಶನ್ ಎಂಬ ಮಾತು ನಿಮ್ಮ ಅಪ್ಪ ಅವ್ವಂದಿರಿಗೆ ಚೆನ್ನಾಗಿ ಗೊತ್ತು. ಅದನ್ನು ತಡೆಯಲೆಂದು 1984ರಲ್ಲಿ ರಾಜ್ಯವು ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯಿದೆಯನ್ನು ತಂದಿತು. ಆದರೂ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕವಿದ್ದಾಗ ಹೊರರಾಜ್ಯದವರಿಗೆ 60,000 ರೂಪಾಯಿ ಇತ್ತು. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಕರ್ನಾಟಕದ ವಿರುದ್ಧ ನಡೆದ ಆ ಮೊಕದ್ದಮೆಯಲ್ಲಿ 1992ರಲ್ಲಿ ತೀರ್ಪು ಬಂದಿತು. ಮರುವರ್ಷ, 1993ರಲ್ಲಿ, ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪು ಬಂದಿತು. ಅದರ ಬೆನ್ನಿಗೆ 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಪ್ರಾರಂಭವಾಯಿತು.

ಸಿ.ಇ.ಟಿ. ಬಂದದ್ದರಿಂದ ಏನಾಯಿತು? ನೇಕಾರನ ಮಗ, ಕಬ್ಬು ಕಡಿಯುವವನ ಮಗಳು ಯಾರ ಬಾಗಿಲನ್ನೂ ಕಾಯದೆ ತಮ್ಮ ರ‍್ಯಾಂಕಿನ ಬಲದಿಂದ ಎಂಜಿನಿಯರಿಂಗ್ ಸೀಟು ಪಡೆಯುವ ದಾರಿ ತೆರೆಯಿತು. ಪರೀಕ್ಷೆಯ ಯಂತ್ರ ನಿಮ್ಮ ಅಡ್ಡಹೆಸರನ್ನು ಕೇಳುವುದಿಲ್ಲ, ನಿಮ್ಮ ತಂದೆ ಯಾರ ಕಡೆಯವರು ಎಂದು ವಿಚಾರಿಸುವುದಿಲ್ಲ. ಇಂದಿಗೂ ಸಿ.ಇ.ಟಿ., ನೀಟ್, ಜೆ.ಇ.ಇ. ಇವು ಯಾವುವೂ ಶಿಫಾರಸು ಪತ್ರವನ್ನು ಕೇಳುವುದಿಲ್ಲ. ಇದು ಕಷ್ಟಪಟ್ಟು ಗಳಿಸಿದ ನ್ಯಾಯ. ಈ ದಾರಿಯಲ್ಲಿ ಹೋಗುವವರಿಗೆ ಯಾರ ಪತ್ರವೂ ಬೇಕಿಲ್ಲ. ನಿಮಗೆ ಪತ್ರ ಕೊಡಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ ಅದು ಮೋಸವೆಂದು ತಿಳಿಯಿರಿ.

ಹಾಗಾದರೆ ಅಂಕಗಳೇ ಸಾಕಲ್ಲವೆ, ಗುರುಗಳ ಪತ್ರವೇಕೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವಾಗಿ ಎರಡು ನಿಜಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಶ್ರೀನಿವಾಸ ರಾಮಾನುಜನ್ ಅವರದು. 1904ರಲ್ಲಿ ಅವರು ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಸರಕಾರಿ ಕಾಲೇಜನ್ನು ಸೇರಿದರು. ಗಣಿತದಲ್ಲಿಯೇ ಮುಳುಗಿದ್ದರಿಂದ ಉಳಿದ ವಿಷಯಗಳಲ್ಲಿ ಹಿಂದೆ ಬಿದ್ದರು, ವಿದ್ಯಾರ್ಥಿವೇತನ ಹೋಯಿತು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಹೋದರು, ಅಲ್ಲಿಯೂ ಎಫ್.ಎ. ಪರೀಕ್ಷೆ ಮುಗಿಸಲಾಗಲಿಲ್ಲ. ಅಂಕಪಟ್ಟಿಯನ್ನೇ ನಂಬುವುದಾದರೆ ರಾಮಾನುಜನ್ ನಪಾಸಾದ ಹುಡುಗ. ಅವರನ್ನು ಉಳಿಸಿದ್ದು ಒಬ್ಬರಿಂದ ಒಬ್ಬರಿಗೆ ಸಾಗಿದ ಪತ್ರಗಳು. 1910ರಲ್ಲಿ ಅವರು ತಮ್ಮ ಗಣಿತದ ನೋಟುಬುಕ್ಕನ್ನು ಹಿಡಿದು ಭಾರತೀಯ ಗಣಿತ ಸಂಘದ ಸ್ಥಾಪಕರಾದ ವಿ. ರಾಮಸ್ವಾಮಿ ಅಯ್ಯರ್ ಅವರ ಬಳಿ ಕಾರಕೂನ ಕೆಲಸ ಕೇಳಲು ಹೋದರು. ಅಯ್ಯರ್ ಅವರು ಡೆಪ್ಯುಟಿ ಕಲೆಕ್ಟರ್. ಅವರು ನೋಟುಬುಕ್ಕನ್ನು ನೋಡಿ, ಕಾರಕೂನ ಕೆಲಸ ಕೊಡುವ ಬದಲು ಮದರಾಸಿನ ಗಣಿತಜ್ಞರಿಗೆ ಪತ್ರ ಬರೆದುಕೊಟ್ಟರು. ಅಲ್ಲಿಂದ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರರಾಯರ ಪರಿಚಯವಾಯಿತು. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು. ಆ ಕೆಲಸಕ್ಕೂ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟ್ ಅವರ ಪತ್ರದ ಆಸರೆಯಿತ್ತು.

ಇವೆಲ್ಲಕ್ಕಿಂತ ನೀವು ಗಮನಿಸಬೇಕಾದ ಪತ್ರ 1913ರ ಫೆಬ್ರವರಿಯದು. ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರು ಮದರಾಸಿಗೆ ಬಂದಾಗ ರಾಮಾನುಜನ್ ಅವರ ಬರಹವನ್ನು ನೋಡಿ ವಿಶ್ವವಿದ್ಯಾಲಯದ ರಿಜಿಸ್ಟ್ರಾರರಿಗೆ ಒಂದು ಪತ್ರ ಬರೆದರು. ಆ ಪತ್ರದಲ್ಲಿ ನಾಲ್ಕು ಸಂಗತಿಗಳಿದ್ದವು. ತಾವು ಕಂಡ ಬರಹದ ಸ್ವಂತಿಕೆಯನ್ನು ಕೇಂಬ್ರಿಜ್ ಕಾಲೇಜೊಂದರ ಗಣಿತದ ಫೆಲೋ ಒಬ್ಬರ ಕೆಲಸಕ್ಕೆ ಹೋಲಿಸಿದರು. ಅದರಲ್ಲಿ ಇರಬೇಕಾದಷ್ಟು ಪೂರ್ಣತೆ, ಖಚಿತತೆ ಇಲ್ಲವೆಂದೂ ಒಪ್ಪಿಕೊಂಡರು. ಗಣಿತದ ಆ ಶಾಖೆ ತಮ್ಮದಲ್ಲವಾದ್ದರಿಂದ ಕೊನೆಯ ತೀರ್ಮಾನ ತಮ್ಮಿಂದಾಗದು ಎಂದು ತಮ್ಮ ಮಿತಿಯನ್ನು ಹೇಳಿದರು. ಕೊನೆಗೆ, ಹೊಟ್ಟೆಪಾಡಿನ ಚಿಂತೆಯಿಲ್ಲದೆ ಕೆಲವು ವರ್ಷ ಗಣಿತದಲ್ಲಿಯೇ ತೊಡಗಲು ಈ ತರುಣನಿಗೆ ಅನುಕೂಲ ಮಾಡಿಕೊಡುವುದು ವಿಶ್ವವಿದ್ಯಾಲಯಕ್ಕೆ ತಕ್ಕದ್ದೆಂದು ಸ್ಪಷ್ಟವಾಗಿ ಬರೆದರು. ಪದವಿಯಿಲ್ಲದ ರಾಮಾನುಜನ್‌ಗೆ ಮದರಾಸು ವಿಶ್ವವಿದ್ಯಾಲಯವು ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನವನ್ನು ಎರಡು ವರ್ಷಗಳಿಗೆ ಮಂಜೂರು ಮಾಡಿತು. 1914ರಲ್ಲಿ ಅವರು ಇಂಗ್ಲೆಂಡಿಗೆ ಹೋದರು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಕಂಡದ್ದು, ಕೊರತೆ, ಬರೆಯುವವರ ಮಿತಿ, ಖಚಿತವಾದ ಕೋರಿಕೆ: ಈ ನಾಲ್ಕೂ ಇದ್ದುದರಿಂದಲೇ ಆ ಪತ್ರ ನಂಬಿಕೆಗೆ ಅರ್ಹವಾಯಿತು. ಬರಿಯ ಹೊಗಳಿಕೆಯಾಗಿದ್ದರೆ ಅದೂ ಒಂದು ಚೀಟಿಯಾಗುತ್ತಿತ್ತು.

ಎರಡನೆಯ ಸಂಗತಿ ಡಾ. ಬಿ.ಆರ್. ಅಂಬೇಡ್ಕರ್ ಅವರದು. ಮುಂಬಯಿಯಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಆ ಹುಡುಗನಿಗೆ ಮನೆಯಲ್ಲಿ ಕುಳಿತು ಓದಲು ಜಾಗವಿರಲಿಲ್ಲ. ಚರ್ನಿ ರೋಡ್ ಬಳಿಯ ಉದ್ಯಾನದಲ್ಲಿ ಕುಳಿತು ಓದುತ್ತಿದ್ದ. ಅದೇ ಉದ್ಯಾನಕ್ಕೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಎಂಬ ಶಿಕ್ಷಕರ ಕಣ್ಣಿಗೆ ಆ ಹುಡುಗ ಬಿದ್ದ. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೇಳೂಸ್ಕರ್ ಗುರುಗಳು ತಾವು ಬರೆದ ಬುದ್ಧನ ಚರಿತ್ರೆಯನ್ನು ಅವನಿಗೆ ಬಹುಮಾನವಾಗಿ ಕೊಟ್ಟರು. ಮುಂದೆ ಕಾಲೇಜಿನ ಓದಿಗೆ ಹಣವಿಲ್ಲದಾದಾಗ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರಲ್ಲಿ ಅವನ ಪರವಾಗಿ ಮಾತನಾಡಿದರು. ತಿಂಗಳಿಗೆ 25 ರೂಪಾಯಿಯ ವೇತನ ದೊರೆಯಿತು. 1913ರಲ್ಲಿ ಅದೇ ಮಹಾರಾಜರ ನೆರವಿನಿಂದ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು.

1916ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಲು ಹೊರಟಾಗ ಕೊಲಂಬಿಯಾದ ಪ್ರಾಧ್ಯಾಪಕ ಸೆಲಿಗ್‌ಮನ್ ಲಂಡನ್ನಿನ ಪ್ರಾಧ್ಯಾಪಕರಿಗೆ ಪರಿಚಯದ ಪತ್ರ ಬರೆದರು. ಮರುವರ್ಷ ಬಡೋದೆಯ ವೇತನದ ಅವಧಿ ಮುಗಿದು ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ನಾಲ್ಕು ವರ್ಷಗಳ ಒಳಗೆ ಬಂದು ಓದು ಮುಂದುವರಿಸಬಹುದೆಂಬ ಅನುಮತಿಯನ್ನು ಲಂಡನ್ ವಿಶ್ವವಿದ್ಯಾಲಯದಿಂದ ಪಡೆದೇ ಅವರು ಹಡಗು ಹತ್ತಿದರು. 1920ರಲ್ಲಿ, ತಾವು ಉಳಿಸಿದ ಹಣ, ಗೆಳೆಯರ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಇವನ್ನು ಕೂಡಿಸಿಕೊಂಡು ಹಿಂದಿರುಗಿ ಓದನ್ನು ಪೂರೈಸಿದರು.

ಇಲ್ಲಿ ಒಂದು ಮಾತನ್ನು ತಪ್ಪಾಗಿ ತಿಳಿಯಬಾರದು. ಕೇಳೂಸ್ಕರ್ ಗುರುಗಳು ಅಂಬೇಡ್ಕರರನ್ನು ದೊಡ್ಡವರನ್ನಾಗಿ ಮಾಡಲಿಲ್ಲ. ಉದ್ಯಾನದಲ್ಲಿ ಕುಳಿತು ಓದಿದವರು ಅಂಬೇಡ್ಕರ್. ಓದುವುದನ್ನು ಕಂಡವರು ಕೇಳೂಸ್ಕರ್. ಕಂಡದ್ದನ್ನು ಕೇಳಬೇಕಾದವರ ಕಿವಿಗೆ ಮುಟ್ಟಿಸಿದರು. ಒಳ್ಳೆಯ ಶಿಫಾರಸು ಪತ್ರದ ಕೆಲಸ ಇಷ್ಟೇ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನು ತಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಾನೆ. ಗುರುಗಳ ಪತ್ರವೂ ಅಂಥದೊಂದು ಸಾಕ್ಷಿ. ವಶೀಲಿ ಚೀಟಿಗೂ ಇದಕ್ಕೂ ಇರುವ ಅಂತರ ಇದು.

ಹಾಗೆಂದು ಪತ್ರಗಳೆಲ್ಲ ಸದಾ ಬಡವರ ಪರವಾಗಿ ಕೆಲಸ ಮಾಡಿವೆ ಎಂದೇನಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇತಿಹಾಸವನ್ನು ನೋಡಿ. 1920ರ ಸುಮಾರಿಗೆ ಪ್ರವೇಶ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ಪಡೆದು ಅನೇಕ ಯಹೂದಿ ವಿದ್ಯಾರ್ಥಿಗಳು ಅಲ್ಲಿ ಸೇರುತ್ತಿದ್ದರು. 1922ರಲ್ಲಿ ಅಧ್ಯಕ್ಷ ಲೋವೆಲ್ ಅವರ ಸಂಖ್ಯೆಗೆ ಮಿತಿ ಹಾಕಬೇಕೆಂದರು. ನೇರವಾದ ಮಿತಿಗೆ ಅಧ್ಯಾಪಕರು ಒಪ್ಪಲಿಲ್ಲ. ಆಗ ಅಂಕಗಳ ಜೊತೆಗೆ ಅಭ್ಯರ್ಥಿಯ ಶೀಲ, ವ್ಯಕ್ತಿತ್ವ ಇವನ್ನೂ ನೋಡಬೇಕೆಂಬ ಪದ್ಧತಿ 1926ರ ವೇಳೆಗೆ ಗಟ್ಟಿಯಾಯಿತು. ಭಾವಚಿತ್ರ, ಶಾಲೆಯವರ ಪತ್ರ, ಸಂದರ್ಶನ ಇವುಗಳ ಮೂಲಕ ಬೇಡವಾದವರನ್ನು ಸದ್ದಿಲ್ಲದೆ ಹೊರಗಿಡಲು ಸಾಧ್ಯವಾಯಿತು. ಶೀಲವೆಂಬ ಮಾತು ಕುಲವನ್ನು ಅಳೆಯುವ ಕೋಲಾಯಿತು. ಜಾತಿಯ ನಾಡಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಾರ್ವಜನಿಕ ಕಾಲೇಜುಗಳ ಸೀಟುಗಳು ಪತ್ರದಿಂದ ನಿರ್ಧಾರವಾಗದೆ ಅಂಕ ಮತ್ತು ಮೀಸಲಾತಿಯಿಂದ ನಿರ್ಧಾರವಾಗುವುದೇ ಸರಿ ಎನ್ನಲು ಈ ಇತಿಹಾಸವೂ ಒಂದು ಕಾರಣ.

ಆದರೆ ಪತ್ರ ಕೇಳುವ ಬಾಗಿಲುಗಳು ಇದ್ದೇ ಇವೆ. ಅವು ಪಟ್ಟಣದ ದೊಡ್ಡ ಶಾಲೆಗಳ ಮಕ್ಕಳಿಗೆ ಮಾತ್ರ ತೆರೆಯಬೇಕೆ ಎಂಬುದು ಪ್ರಶ್ನೆ. ಆ ಶಾಲೆಗಳಲ್ಲಿ ಇಂಥ ಪತ್ರ ಬರೆಯಲೆಂದೇ ಕೌನ್ಸೆಲರ್ ಎಂಬ ಸಿಬ್ಬಂದಿ ಇರುತ್ತಾರೆ. ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ಆ ಹೆಸರನ್ನು ಕೇಳಿದವರೇ ವಿರಳ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು ಇವರ ಮಕ್ಕಳು ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಲು ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಅದಕ್ಕೆ ಮೊದಲು ಅಲ್ಲಿನ ವಿಶ್ವವಿದ್ಯಾಲಯದ ಪ್ರವೇಶ ದೊರೆಯಬೇಕು. ಪ್ರವೇಶಕ್ಕೆ ಸಾಮಾನ್ಯವಾಗಿ ಎರಡು ಮೂರು ಪತ್ರಗಳು ಬೇಕು. ಪತ್ರ ಬರೆಯುವವರಿಲ್ಲದೆ ಹೋದರೆ ಸರಕಾರ ಇಟ್ಟ ಹಣವೂ ನಿಮ್ಮವರೆಗೆ ಬರುವುದಿಲ್ಲ. ನಮ್ಮ ದೇಶದಲ್ಲಿಯೇ ವಿಜ್ಞಾನದ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ ಸಂಶೋಧನಾಲಯಗಳಲ್ಲಿ ಕೆಲಸ ಕಲಿಯುವ ಫೆಲೋಶಿಪ್‌ಗಳಿವೆ, ಅಲ್ಲಿಯೂ ಅಧ್ಯಾಪಕರ ಪತ್ರ ಕೇಳುವುದುಂಟು.

ಇನ್ನು ಈ ಪತ್ರದಲ್ಲಿ ಏನಿರಬೇಕೆಂದು ನೋಡೋಣ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಪದವಿ ಪ್ರವೇಶದ ಬಹುಪಾಲು ಅರ್ಜಿಗಳು ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆ. 2024ರ ಪ್ರವೇಶದಿಂದ ಅಲ್ಲಿ ಗುರುಗಳ ಪತ್ರವನ್ನು ಮೂರು ಭಾಗ ಮಾಡಿದ್ದಾರೆ. ಶಾಲೆಯ ಪರಿಚಯ ಮೊದಲನೆಯದು. ವಿದ್ಯಾರ್ಥಿಯ ಓದಿಗೆ ಅಡ್ಡಬಂದ ವಿಶೇಷ ಸಂದರ್ಭಗಳೇನಾದರೂ ಇದ್ದರೆ ಅದು ಎರಡನೆಯದು. ವಿದ್ಯಾರ್ಥಿಯ ಕುರಿತ ಬೇರೆ ಉಪಯುಕ್ತ ವಿವರ ಮೂರನೆಯದು. ನೀವು ಎಲ್ಲಿಗೇ ಅರ್ಜಿ ಹಾಕಿ, ಈ ಮೂರು ಭಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪತ್ರಕ್ಕೆ ಒಂದು ಆಕಾರ ಬರುತ್ತದೆ.

ಶಾಲೆಯ ಪರಿಚಯವೇಕೆ ಬೇಕು? ಪತ್ರ ಓದುವವರು ದೂರದ ನಗರದಲ್ಲಿ ಕುಳಿತಿರುತ್ತಾರೆ. ಬೀಳಗಿ, ಮುಧೋಳ, ಜಮಖಂಡಿ ಅವರಿಗೆ ತಿಳಿಯದ ಹೆಸರುಗಳು. ಭೌತವಿಜ್ಞಾನದ ಉಪನ್ಯಾಸಕರ ಹುದ್ದೆ ಅರ್ಧ ವರ್ಷ ಖಾಲಿಯಿದ್ದ ಕಾಲೇಜಿನಲ್ಲಿ ತಾನೇ ಓದಿಕೊಂಡು ತೆಗೆದ 85 ಅಂಕಕ್ಕೂ, ಮೂವರು ಉಪನ್ಯಾಸಕರು, ಟ್ಯೂಶನ್ನು, ಪ್ರಯೋಗಾಲಯ ಎಲ್ಲವೂ ಇದ್ದಲ್ಲಿ ತೆಗೆದ 85 ಅಂಕಕ್ಕೂ ಅಂಕಪಟ್ಟಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆ ವ್ಯತ್ಯಾಸವನ್ನು ತೋರಿಸಬಲ್ಲದ್ದು ಪತ್ರವೊಂದೇ.

ವಿಶೇಷ ಸಂದರ್ಭಗಳೆಂದರೇನು? 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತು ಘಟಪ್ರಭೆಯ ಪ್ರವಾಹ ಜಮಖಂಡಿ, ಮುಧೋಳ ಭಾಗದ ಊರುಗಳಿಗೆ ನುಗ್ಗಿದ್ದು ನಿಮಗೆ ನೆನಪಿದೆ. ಆಗ ಮನೆಬಿಟ್ಟು ಪರಿಹಾರ ಕೇಂದ್ರದಲ್ಲಿದ್ದ ಮಕ್ಕಳೆಷ್ಟೋ, ಪುಸ್ತಕ, ಅಂಕಪಟ್ಟಿ ನೀರುಪಾಲಾದವರೆಷ್ಟೋ. ಆಲಮಟ್ಟಿಯ ಹಿನ್ನೀರಿನಿಂದ ಊರೇ ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋದ ಮನೆತನಗಳು ಈ ಸೀಮೆಯಲ್ಲಿ ಬಹಳ. ರಬಕವಿ ಬನಹಟ್ಟಿಯಲ್ಲಿ ಮುಂಜಾನೆ ಎದ್ದು ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತಿಕೊಟ್ಟು ಆಮೇಲೆ ಕಾಲೇಜಿಗೆ ಓಡಿಬರುವ ಹುಡುಗರಿದ್ದಾರೆ. ಇವನ್ನು ಕನಿಕರ ಹುಟ್ಟಿಸಲೆಂದು ಬರೆಯಬೇಕಾಗಿಲ್ಲ. ಒಂದು ವರ್ಷದ ಅಂಕ ಇಳಿದದ್ದೇಕೆ, ಹಾಜರಿ ಕಡಿಮೆಯಾದದ್ದೇಕೆ ಎಂಬುದಕ್ಕೆ ಕಾರಣವಾಗಿ, ತಾರೀಖಿನ ಸಮೇತ, ಎರಡು ವಾಕ್ಯಗಳಲ್ಲಿ ಹೇಳಿದರೆ ಸಾಕು.

ಮೂರನೆಯ ಭಾಗವೇ ಪತ್ರದ ಜೀವ. ಇಲ್ಲಿ ಗುಣವಾಚಕಗಳಿಂದ ಪ್ರಯೋಜನವಿಲ್ಲ. ಈಕೆ ಬುದ್ಧಿವಂತೆ, ಶ್ರಮಜೀವಿ, ವಿನಯವಂತೆ ಎಂದು ಬರೆದರೆ ಓದುವವರು ಮುಂದಿನ ಕಾಗದಕ್ಕೆ ಹೋಗುತ್ತಾರೆ. ಅವರ ಮೇಜಿನ ಮೇಲಿರುವ ಎಲ್ಲ ಪತ್ರಗಳಲ್ಲಿಯೂ ಅದೇ ಮಾತುಗಳಿರುತ್ತವೆ. ಬದಲಾಗಿ ಒಬ್ಬ ಉಪನ್ಯಾಸಕರು ಹೀಗೆ ಬರೆದರೆಂದು ಇಟ್ಟುಕೊಳ್ಳಿ: ಓಮನ ನಿಯಮದ ಪ್ರಯೋಗದಲ್ಲಿ ಎಲ್ಲರ ನಕ್ಷೆಯೂ ನೇರವಾದ ಗೆರೆಯಾಗಿ ಬಂದಿತು, ಈಕೆಯದು ತುದಿಯಲ್ಲಿ ಬಾಗಿತು. ಪಕ್ಕದವರ ಅಂಕಿಗಳನ್ನು ನೋಡಿ ತಿದ್ದಿಕೊಳ್ಳುವುದು ಸುಲಭವಿತ್ತು. ಈಕೆ ತಿದ್ದಲಿಲ್ಲ. ಮರುದಿನ ಬಂದು, ವಿದ್ಯುತ್ತನ್ನು ಹೆಚ್ಚು ಹೊತ್ತು ಹರಿಸಿದ್ದರಿಂದ ತಂತಿ ಬಿಸಿಯಾಗಿ ರೋಧ ಹೆಚ್ಚಿರಬೇಕೆಂದು ಹೇಳಿ, ಮತ್ತೊಮ್ಮೆ ಪ್ರಯೋಗ ಮಾಡಲು ಅನುಮತಿ ಕೇಳಿದಳು. ಇದರಲ್ಲಿ ಪ್ರಾಮಾಣಿಕ ಎಂಬ ಪದವಿಲ್ಲ, ಬುದ್ಧಿವಂತೆ ಎಂಬ ಪದವೂ ಇಲ್ಲ. ಆದರೆ ಓದಿದವರಿಗೆ ಎರಡೂ ತಿಳಿಯುತ್ತವೆ.

ಪತ್ರ ಉದ್ದವಾಗಿರಬೇಕೆಂದೂ ಇಲ್ಲ. 1948ರಲ್ಲಿ ಜಾನ್ ನ್ಯಾಶ್ ಎಂಬ ತರುಣನ ಪರವಾಗಿ ಅವರ ಪ್ರಾಧ್ಯಾಪಕ ಡಫಿನ್ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಬರೆದ ಪತ್ರ ಕೆಲವೇ ಸಾಲುಗಳದು. ಈತ ಗಣಿತದ ಅಸಾಧಾರಣ ಪ್ರತಿಭೆ ಎಂಬುದೇ ಅದರ ಸಾರ. ನ್ಯಾಶ್ ಮುಂದೆ ನೊಬೆಲ್ ಸ್ಮಾರಕ ಪ್ರಶಸ್ತಿ ಪಡೆದರು. ಆದರೆ ಅಂಥ ಒಂದೇ ಮಾತನ್ನು ಹೇಳುವ ಹಕ್ಕು, ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲ ಮತ್ತು ಆ ಮಾತನ್ನು ಎಲ್ಲರಿಗೂ ಹಂಚದ ಗುರುವಿಗೆ ಮಾತ್ರ ಇರುತ್ತದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಪತ್ರವನ್ನು ಯಾರಲ್ಲಿ ಕೇಳಬೇಕು? ಹುದ್ದೆ ದೊಡ್ಡದಿದ್ದವರನ್ನಲ್ಲ, ನಿಮ್ಮನ್ನು ಬಲ್ಲವರನ್ನು ಕೇಳಿ. ಶಾಸಕರು, ಮಠದ ಸ್ವಾಮಿಗಳು, ಊರಿನ ಸಾಹುಕಾರರು ನಿಮ್ಮ ಪ್ರಯೋಗದ ವಹಿಯನ್ನು ನೋಡಿದವರಲ್ಲ. ನಿಮಗೆ ಒಂದೇ ವರ್ಷ ಪಾಠ ಹೇಳಿದ ಅತಿಥಿ ಉಪನ್ಯಾಸಕರು ನಿಮ್ಮನ್ನು ಚೆನ್ನಾಗಿ ಅರಿತಿದ್ದರೆ ಅವರ ಪತ್ರವೇ ಮೇಲು. ಒಂದು ಎಚ್ಚರಿಕೆ ಬೇಕು. ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಭರವಸೆಯಿಲ್ಲ. ಅವರು ಹೊರಡುವ ಮೊದಲೇ ವಿಳಾಸ, ದೂರವಾಣಿ, ಇ-ಮೇಲ್ ಬರೆದಿಟ್ಟುಕೊಳ್ಳಿ.

ಕೇಳುವುದು ಹೇಗೆ? ಕೊನೆಯ ದಿನ ಓಡಿಹೋಗಿ, "ಸರ್ರ, ಒಂದ್ ಲೆಟರ್ ಬೇಕಾಗಿತ್ರಿ, ಇವತ್ತೇ ಕಡೀ ದಿನ ಐತ್ರಿ" ಎಂದರೆ ಅವರು ಅಚ್ಚಿನ ಮಾತುಗಳನ್ನೇ ಬರೆದುಕೊಡುತ್ತಾರೆ. ಕನಿಷ್ಠ ಒಂದು ತಿಂಗಳು ಮೊದಲು ಹೋಗಿ. ಹೋಗಿ ಹೀಗೆ ಕೇಳಿ: "ಅಕ್ಕೋರ, ನನ್ನ ಬಗ್ಗೆ ಬರಿಯೂವಷ್ಟು ನಿಮಗ ಗೊತ್ತೈತೇನ್ರಿ? ಇಲ್ಲಂದ್ರ ಬ್ಯಾರೇದವರನ್ನ ಕೇಳ್ತೀನ್ರಿ." ಇದು ಉದ್ಧಟತನವಲ್ಲ. ಒಲ್ಲೆ ಎನ್ನಲು ಅವರಿಗೆ ದಾರಿ ಬಿಟ್ಟುಕೊಡುವುದು ಮರ್ಯಾದೆಯೇ. ಅರೆಮನಸ್ಸಿನ ಪತ್ರಕ್ಕಿಂತ ಪತ್ರವಿಲ್ಲದಿರುವುದು ಲೇಸು.

ಅವರು ಒಪ್ಪಿದರೆ ಒಂದು ಹಾಳೆಯಲ್ಲಿ ಬೇಕಾದ ವಿವರಗಳನ್ನು ಬರೆದುಕೊಡಿ. ಯಾವ ಸಂಸ್ಥೆ, ಯಾವ ಕೋರ್ಸು, ಏಕೆ ಆ ಕೋರ್ಸು, ಕೊನೆಯ ದಿನಾಂಕ ಯಾವುದು, ಅವರ ತರಗತಿಯಲ್ಲಿ ನೀವು ಯಾವ ವರ್ಷ ಇದ್ದಿರಿ, ಯಾವ ಸೆಮಿನಾರ್, ಯಾವ ಪ್ರಾಜೆಕ್ಟ್, ಯಾವ ಎನ್.ಎಸ್.ಎಸ್. ಶಿಬಿರದಲ್ಲಿ ಏನು ಮಾಡಿದಿರಿ, ಮನೆಯಲ್ಲಿ ಯಾವ ಕೆಲಸದ ಹೊರೆಯಿದೆ. ನೂರು ಜನರ ತರಗತಿಗೆ ಪಾಠ ಹೇಳುವವರಿಗೆ ಎಲ್ಲವೂ ನೆನಪಿರುವುದಿಲ್ಲ. ಇದು ಅವರ ನೆನಪಿಗೆ ನೀವು ಮಾಡುವ ಸಹಾಯ. ಈಚೆಗೆ ಅನೇಕ ಸಂಸ್ಥೆಗಳು ಪತ್ರವನ್ನು ನಿಮ್ಮ ಕೈಗೆ ಕೊಡಿಸದೆ, ಗುರುಗಳ ಇ-ಮೇಲಿಗೆ ಒಂದು ಕೊಂಡಿಯನ್ನು ಕಳುಹಿಸಿ ಅಲ್ಲಿಂದಲೇ ಪಡೆಯುತ್ತವೆ. ಗುರುಗಳಿಗೆ ಕಾಲೇಜಿನ ಹೆಸರಿನ ಇ-ಮೇಲ್ ಇಲ್ಲದಿದ್ದರೆ ಪ್ರಾಚಾರ್ಯರ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ನಮ್ಮಲ್ಲಿ ಸಾಮಾನ್ಯವಾಗಿ ಎದುರಾಗುವ ಒಂದು ಧರ್ಮಸಂಕಟವಿದೆ. ಕೆಲಸದ ಒತ್ತಡದಲ್ಲಿರುವ ಗುರುಗಳು, "ನೀನ ಬರಕೊಂಡ ಬಾ ತಮ್ಮಾ, ಸೈ ಮಾಡ್ತೀನಿ" ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ನಿಮ್ಮ ಪರವಾಗಿ ನೀವೇ ಸಾಕ್ಷಿ ಹೇಳಿದಂತಾಗುತ್ತದೆ. ಪತ್ರದಲ್ಲಿ ಇರಬೇಕಾದ್ದು ಅವರ ಕಣ್ಣು. ನೀವು ಬರೆದರೆ ಆ ಕಣ್ಣು ಹೋಗುತ್ತದೆ. ನಿಮ್ಮ ಅರ್ಜಿಯ ಪ್ರಬಂಧ ಮತ್ತು ಗುರುಗಳ ಪತ್ರ ಎರಡೂ ಒಂದೇ ಕೈಯ ಬರಹವೆಂದು ಓದುವವರಿಗೆ ತಿಳಿಯಲು ಬಹಳ ಹೊತ್ತು ಬೇಕಾಗುವುದಿಲ್ಲ. ಕಂಪ್ಯೂಟರಿನಿಂದ ಬರೆಸಿದ ಪತ್ರದ ಪಾಡೂ ಇದೇ. ಮಾತು ನುಣುಪಾಗಿರುತ್ತದೆ, ನಿಮ್ಮ ಪ್ರಯೋಗಾಲಯದ ಬಾಗಿದ ಗೆರೆ ಮಾತ್ರ ಅದರಲ್ಲಿರುವುದಿಲ್ಲ. ಆದ್ದರಿಂದ ವಿನಯದಿಂದ ಹೇಳಿ: "ಸರ್ರ, ವಿವರ ಎಲ್ಲಾ ಬರದ ತಂದೀನ್ರಿ. ನಿಮ್ಮ ಮಾತು ನೀವ ಬರೀರಿ. ನಾಕ ಸಾಲ ಆದ್ರೂ ಸಾಕ್ರಿ."

ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುವ ಗುರುಗಳಿದ್ದಾರೆ. ಅವರು ಕನ್ನಡದಲ್ಲಿಯೇ ಮನಬಿಚ್ಚಿ ಬರೆಯಲಿ. ಮೂಲದ ಜೊತೆಗೆ ದೃಢೀಕರಿಸಿದ ಅನುವಾದವನ್ನು ಒಪ್ಪುವ ಸಂಸ್ಥೆಗಳಿವೆ. ಆಯಾ ಸಂಸ್ಥೆಯ ನಿಯಮವನ್ನು ನೋಡಿಕೊಳ್ಳಿ. ಅನುವಾದವನ್ನು ನೀವು ಮಾಡದೆ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರಿಂದ ಮಾಡಿಸಿ.

ಪತ್ರವನ್ನು ನಾನು ಓದಬಹುದೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ 1974ರ ಕಾನೂನಿನ ಪ್ರಕಾರ ವಿದ್ಯಾರ್ಥಿಗೆ ತನ್ನ ದಾಖಲೆಗಳನ್ನು ನೋಡುವ ಹಕ್ಕಿದೆ. ಆದರೆ ಅರ್ಜಿಯಲ್ಲಿಯೇ, ಶಿಫಾರಸು ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಇರುತ್ತದೆ. ಬಿಟ್ಟುಕೊಟ್ಟರೆ ಗುರುಗಳು ಮುಕ್ತವಾಗಿ ಬರೆದಿದ್ದಾರೆಂದು ಓದುವವರು ನಂಬುತ್ತಾರೆ. ಆದ್ದರಿಂದ ನೀವು ನಂಬುವ ಗುರುಗಳನ್ನೇ ಆರಿಸಿಕೊಂಡು, ಆಮೇಲೆ ಅವರ ಪಾಡಿಗೆ ಅವರನ್ನು ಬಿಟ್ಟುಬಿಡಿ.

ನನ್ನನ್ನು ಬಲ್ಲ ಗುರುಗಳೇ ಇಲ್ಲವಲ್ಲ ಎಂದು ಹಿಂದಿನ ಬೆಂಚಿನಲ್ಲಿ ಕುಳಿತವರು ಯೋಚಿಸುತ್ತಿರಬಹುದು. ನಾಚಿಕೆಯಿಂದ ಕೈಯೆತ್ತದೆ ಕುಳಿತವರು ದಡ್ಡರೇನಲ್ಲ. ಹುಡುಗಿಯರಿಗಂತೂ ಅಧ್ಯಾಪಕರ ಕೋಣೆಗೆ ಹೋಗಿ ಪ್ರಶ್ನೆ ಕೇಳುವುದೇ ದೊಡ್ಡ ಸಾಹಸ. ಆದರೆ ಕಾಣದ್ದನ್ನು ಯಾವ ಸಾಕ್ಷಿಯೂ ಹೇಳಲಾರದು. ಆದ್ದರಿಂದ ಪತ್ರದ ಸಿದ್ಧತೆ ಅರ್ಜಿಯ ತಿಂಗಳಲ್ಲಿ ಆರಂಭವಾಗುವುದಿಲ್ಲ. ಈ ವರ್ಷವೇ, ಒಬ್ಬ ಅಧ್ಯಾಪಕರನ್ನಾದರೂ ಆರಿಸಿಕೊಳ್ಳಿ. ತಿಳಿಯದ್ದನ್ನು ತರಗತಿ ಮುಗಿದ ಮೇಲೆ ಹೋಗಿ ಕೇಳಿ. ಬಿಡಿಸಿದ ಲೆಕ್ಕವನ್ನು ತೋರಿಸಿ. ಗ್ರಂಥಾಲಯದಲ್ಲಿ ಓದಿದ ಪುಸ್ತಕದ ಕುರಿತು ಎರಡು ಮಾತನಾಡಿ. ಒಬ್ಬಳೇ ಹೋಗಲು ಸಂಕೋಚವಾದರೆ ಗೆಳತಿಯ ಜೊತೆಗೆ ಹೋಗಿ. ಪತ್ರಕ್ಕಾಗಿ ಹೀಗೆ ಮಾಡಿದರೂ ಸರಿಯೇ. ಮಾಡುತ್ತ ಮಾಡುತ್ತ ವ್ಯಾಸಂಗವೇ ಗಟ್ಟಿಯಾಗುತ್ತದೆ, ಪತ್ರ ಬೇಕಾಗದೆ ಹೋದರೂ ನಷ್ಟವಿಲ್ಲ.

ಈ ಕಾರ್ಯಕ್ರಮವನ್ನು ನೋಡುವ ಅಧ್ಯಾಪಕರಿಗೂ ಒಂದು ವಿನಂತಿ. ನಿಮ್ಮ ಮೇಲೆ ಮೌಲ್ಯಮಾಪನ, ಸಮೀಕ್ಷೆ, ಚುನಾವಣೆ ಎಲ್ಲದರ ಹೊರೆಯಿದೆ. ಆದರೂ ಒಂದು ಪುಟ್ಟ ವಹಿಯನ್ನು ಇಟ್ಟುಕೊಳ್ಳಿ. ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ ಒಳ್ಳೆಯ ಪ್ರಶ್ನೆ, ಒಬ್ಬ ಹುಡುಗಿ ತೋರಿದ ಜಾಣ್ಮೆ, ಇವನ್ನು ತಾರೀಖಿನೊಡನೆ ಒಂದೊಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳಿ. ಎರಡು ವರ್ಷದ ಮೇಲೆ ಯಾರೋ ಒಬ್ಬರು ಪತ್ರ ಕೇಳಲು ಬಂದಾಗ ಆ ಒಂದು ಸಾಲು ಅವರ ದಾರಿಯನ್ನು ತೆರೆದೀತು.

ಕೊನೆಯದಾಗಿ ಒಂದು ಮಾತು. ಪತ್ರ ಬರೆಸಿಕೊಂಡವರು ಫಲಿತಾಂಶವನ್ನು ಗುರುಗಳಿಗೆ ತಿಳಿಸುವುದನ್ನು ಮರೆಯುತ್ತಾರೆ. ಸೀಟು ಸಿಕ್ಕರೂ ಹೋಗಿ ಹೇಳಿ, ಸಿಗದಿದ್ದರೂ ಹೋಗಿ ಹೇಳಿ. ಸಿಗದಿದ್ದಾಗ ಮುಂದಿನ ಬಾಗಿಲು ಯಾವುದೆಂದು ತೋರಿಸುವವರೂ ಅವರೇ ಆಗಿರಬಹುದು.